ಕಾಲು ಮುಂದಾಗಿ ಹುಟ್ಟಿದ ಪಿಳ್ಳಪ್ಪ

ಫೋನು ಇನ್ನೊಂಚೂರು ಹತ್ರ ಇಡು. ಅವರೆಕಾಯಿ ಸುಲೀತಾನೇ ಹೇಳ್ತೀನಿ, ಸಿಪ್ಪೆ ಸದ್ದು ಬಿದ್ರೆ ಬೀಳ್ಲಿ, ಸಾಯಂಕಾಲದ ಸಾರಿಗೆ ಇದು ಆಗ್ಲೇಬೇಕು.

ನನ್ನ ಮೊಮ್ಮಗಳು ಚಂದನಂಗೆ ಕಾಲೇಜಲ್ಲಿ ಕನ್ನಡ ಮೇಡಮ್ಮು ಹೇಳಿ ಕಳ್ಸವ್ರೆ, ನಿಮ್ಮ ಕಡೆಯ ಒಬ್ಬ ಸಾಮಾನ್ಯ ಮನುಷ್ಯರ ಜೀವನ ಬರ್ಕೊಂಡು ಬನ್ನಿ ಅಂತ. ಇವಳು ಫೋನು ಹಿಡ್ಕೊಂಡು ನನ್ನ ಮುಂದೆ ಕೂತವ್ಳೆ. ನಿಂದೇ ಹೇಳು ಅಜ್ಜಿ ಅಂದ್ಲು. ನಂದೇನೈತೆ, ಸಮೇತನಹಳ್ಳೀಲಿ ಹುಟ್ಟಿದ್ದು, ಹೊಸಕೋಟೆಗೆ ಕೊಟ್ರು, ಬಸ್ಸಲ್ಲಿ ಒಂದು ನಿದ್ದೆ ಬರೋಷ್ಟು ದೂರಾನೂ ಇಲ್ಲ, ಅಷ್ಟೇ ನನ್ನ ಜೀವನ. ನನ್ನ ತಮ್ಮ ಪಿಳ್ಳಪ್ಪಂದು ಹೇಳ್ತೀನಿ. ಅದ್ರಲ್ಲಿ ನಿನ್ನ ವಿಷಯಾನೂ ಬರ್ತದೆ ಕಣೇ. ನೀನು ನೀನು ಅಂತಿದ್ರೆ ಓದೋರಿಗೆ ತಿಳಿಯಲ್ಲ, ಅದಕ್ಕೆ ಚಂದನ ಅಂತ್ಲೇ ಹೇಳ್ತೀನಿ, ಪಕ್ಕದ ಮನೆ ಹುಡುಗಿ ಥರ. ಬೇಜಾರು ಮಾಡ್ಕೋಬೇಡ.

ಪಿಳ್ಳಪ್ಪ ಹುಟ್ಟೋವಾಗ ಕಾಲು ಮೊದಲು ಬಂತು. ನಾನಾಗ ಲಂಗ ಹಾಕೋ ಹುಡುಗಿ, ನನ್ನನ್ನ ಹೊರಗೆ ಬೀಸೋಕಲ್ಲಿನ ಹತ್ರ ಕೂರ್ಸಿದ್ರು. ಸೂಲಗಿತ್ತಿ ಒಳಗಿಂದ ಬಂದು ನಮ್ಮಜ್ಜಿಗೆ, "ಕಾಲು ಬಂದದೆ ಕಣಮ್ಮ, ತಲೆ ಇನ್ನೂ ಇಲ್ಲ" ಅಂದ್ಲು. ನಾನು ತಲೆ ಇಲ್ದಿರೋ ಮಗು ಹುಟ್ತಾ ಐತೆ ಅಂದ್ಕೊಂಡು ಬೀದಿಗೆಲ್ಲ ಕೇಳೋ ಹಂಗೆ ಅಳೋಕೆ ಶುರು ಮಾಡ್ದೆ. ಈಗ್ಲೂ ಅವನೇನಾದ್ರೂ ಪೆದ್ದುಪೆದ್ದಾಗಿ ಮಾತಾಡಿದ್ರೆ, ನಾನು ಅವತ್ತೇ ಅತ್ತಿದ್ನಲ್ಲೋ ಅಂತೀನಿ.

ಅಮ್ಮ ಹೆಂಗೋ ಉಳ್ಕೊಂಡ್ಲು. ಆದ್ರೆ ನಮ್ಮ ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಮಗು ಮುಖಾನೇ ನೋಡ್ಲಿಲ್ಲ. "ಕಾಲು ಮುಂದಾಗಿ ಬಂದಿದ್ದು ಮನೆಗೆ ಆಗಿಬರಲ್ಲ, ತಾಯೀನ ತಿನ್ನೋಕೆ ಬಂದದೆ" ಅಂತ ಊರ್ನಲ್ಲೆಲ್ಲ ಹೇಳ್ಕೊಂಡು ತಿರುಗಿದ್ಲು. ನಾಮಕರಣಾನೂ ಕದ್ದು ಮಾಡ್ದಂಗೆ ಮಾಡಿದ್ರು. ತೊಟ್ಟಿಲು ಹಿತ್ತಲ ಕಡೆ ಕಟ್ಟಿದ್ರು, ಬಂದೋರಿಗೆ ಕಾಣ್ಬಾರ್ದು ಅಂತ. ಇದು ನೆನಪಿಟ್ಕೋ, ಆಮೇಲೆ ಬೇಕಾಗ್ತದೆ.

ಅವನು ತಪ್ಪು ಹೆಜ್ಜೆ ಇಡೋ ವಯಸ್ಸಲ್ಲಿ ಊರ ಪಟೇಲ್ರಿಗೆ ಸೊಂಟ ಹಿಡ್ಕೊಂತು. ಹಾಸಿಗೆ ಬಿಟ್ಟು ಏಳೋಕಾಗ್ದು. ಕಾಲು ಮುಂದಾಗಿ ಹುಟ್ಟಿದೋರು ತುಳಿದ್ರೆ ಉಳುಕು ಬಿಡ್ತದೆ ಅಂತ ಯಾರೋ ಹೇಳಿದ್ರು. ಸರಿ, ಹಿತ್ತಲ ತೊಟ್ಟಿಲಿಗೆ ಬಂದ್ರು ಎಲ್ಲಾರೂ. ಪಟೇಲ್ರನ್ನ ಬೋರಲಾಗಿ ಮಲಗ್ಸಿ, ಇವನನ್ನ ರಟ್ಟೆ ಹಿಡಿದು ಬೆನ್ನ ಮೇಲೆ ನಿಲ್ಲಿಸಿದ್ರು. ಇವನು ನಿಂತ್ಕೊಂಡು ಅಲ್ಲೇ ಒಂದ ಮಾಡ್ಬಿಟ್ಟ. ಬೆಚ್ಚಗೆ ಬೆನ್ನ ಮೇಲೆ ಇಳೀತಿದ್ದಂಗೆ ಪಟೇಲ್ರು ತಟಕ್ಕನೆ ಎದ್ದು ಕೂತ್ರು. ಕೂತ ಮೇಲೆ ಗೊತ್ತಾಯ್ತು, ಸೊಂಟ ಬಿಟ್ಟೋಗಿತ್ತು.

ಅವತ್ತಿಂದ ಅದು ದೇವರ ಕಾಲು. ನಮ್ಮ ಸೋದರತ್ತೆ ಕೂಡ ಮಂಡಿನೋವು ಅಂತ ಬಂದು ಅದೇ ಕಾಲಿಗೆ ಅರಿಶಿನ ಹಚ್ಚಿದ್ಲು.

ಪಿಳ್ಳಪ್ಪ ಬೆಳೆದ, ಹೂಕೋಸು ಬೆಳೆದ, ಹಸು ಕಟ್ಟಿದ, ಡೈರಿಗೆ ಹಾಲು ಹಾಕ್ದ. ಅದೆಲ್ಲ ಎಲ್ಲಾರೂ ಮಾಡೋದೇ. ಆದ್ರೆ ಬೆಳಗ್ಗೆ ಹಾಲು ಕರೆಯೋಕೆ ಮುಂಚೆ ಜಗುಲಿ ಮೇಲೆ ಯಾರಾದ್ರೂ ಕೂತಿರೋರು. ಖಾಲಿ ಹೊಟ್ಟೇಲಿ ಬರ್ಬೇಕು. ಗೋಣಿಚೀಲದ ಮೇಲೆ ಬೋರಲಾಗಿ ಮಲಗ್ಬೇಕು. ಇವನು ಬಲಗಾಲು ತೊಳ್ಕೊಂಡು ಬಂದು ಹಿಮ್ಮಡೀಲಿ ಮೇಲಿಂದ ಕೆಳಕ್ಕೆ ಮೂರು ಸಲ ಸವರೋನು. ನಾವು ತುಳಿಯೋದು ಅಂತೀವಿ, ಭಾರ ಏನೂ ಬಿಡ್ತಿರ್ಲಿಲ್ಲ. ಮೂಳೆ ಮುರಿದಿರೋ ಅನುಮಾನ ಬಂದ್ರೆ ಮುಟ್ತಿರ್ಲಿಲ್ಲ, ಆಸ್ಪತ್ರೆಗೆ ನಡೀರಿ ಅಂದ್ಬಿಡೋನು. ಒಂದ್ಸಲ ತಾಲೂಕು ಆಫೀಸಿನ ಸಾಹೇಬ್ರೊಬ್ರು ಪ್ಯಾಂಟು ಶರ್ಟಲ್ಲೇ ಬಂದು ಗೋಣಿಚೀಲದ ಮೇಲೆ ಮಲಗಿದ್ರು. ಅವರು ಹೋದ ಮೇಲೆ ಪಿಳ್ಳಪ್ಪ ನನಗೆ, "ಅಕ್ಕಯ್ಯ, ಸರ್ಕಾರನ ಒದ್ದು ಅದರ ಕೈಲೇ ನಮಸ್ಕಾರ ಹೊಡೆಸ್ಕೊಂಡೋನು ಈ ಹೋಬಳೀಲಿ ನಾನೊಬ್ನೇ" ಅಂದ.

ಆ ಕಾಲಿಗೆ ಅವನು ಚಪ್ಪಲಿ ಕೂಡ ಹಾಕ್ತಿರ್ಲಿಲ್ಲ ಕಣೇ. ಗದ್ದೇಗೂ ಹಂಗೇ, ಮದುವೆ ಮನೇಗೂ ಹಂಗೇ. ಅವನ ಹೆಂಡತಿ ಅಮ್ಮಯಮ್ಮ, "ನಮ್ಮನೇರು ಮುಖ ತೊಳೆಯೋದು ಹಬ್ಬಕ್ಕೆ, ಕಾಲು ತೊಳೆಯೋದು ಹೊತ್ಹೊತ್ತಿಗೂ" ಅನ್ನೋಳು.

ಇನ್ನೊಂದು ಪದ್ಧತಿ ಇಟ್ಕೊಂಡಿದ್ದ. ಯಾರಿಗಾದ್ರೂ ನಮ್ಮ ಕಾಲು ತಾಕಿದ್ರೆ, ಆ ಜಾಗ ಮುಟ್ಟಿ ಕಣ್ಣಿಗೊತ್ಕೋತೀವಲ್ಲ. ಇವನು ಬೇಕಂತಲೇ ಕಾಲು ತಾಕಿಸ್ತಾನೆ, ಅದಕ್ಕೆ ತುಳಿದಾದ ಮೇಲೆ ಪ್ರತಿ ಸಲಾನೂ ಬಗ್ಗಿ, ಎಲ್ಲಿ ತುಳಿದ್ನೋ ಅಲ್ಲೇ ಮುಟ್ಟಿ, ಕಣ್ಣಿಗೊತ್ಕೊಂಡು, "ತಪ್ಪಾಯ್ತು" ಅನ್ನೋನು. ವಯಸ್ಸಲ್ಲಿ ಚಿಕ್ಕೋರಿಗೆ ಮಾತ್ರ ಮಾಡ್ತಿರ್ಲಿಲ್ಲ. ಚಿಕ್ಕೋರ ಹತ್ರ ಹಂಗೆ ಮಾಡಿದ್ರೆ ಅವರ ಆಯುಸ್ಸಿಗೆ ಒಳ್ಳೇದಲ್ಲ ಅಂತ.

ಈಗ ಚಂದನ ಬರ್ತಾಳೆ. ನನ್ನ ಮಗ ಅಶೋಕ, ಸ್ಕೂಲ್ ವ್ಯಾನ್ ಓಡಿಸ್ತಾನೆ. ಸೊಸೆ ಮಮತ, ಮನೇಲೇ ಬ್ಲೌಸ್ ಹೊಲೀತಾಳೆ. ಅವರ ಮಗಳು ಚಂದನ. ಆಗ ಹತ್ತನೇ ಕ್ಲಾಸಿಗೆ ಹೋಗ್ಬೇಕಿತ್ತು, ಖೋಖೋ ಆಡೋಳು. ಆಡೋದು ಅಂದ್ರೆ ಹೆಂಗೆ, ಕೂತಿರೋಳ ಬೆನ್ನಿಗೆ ಖೋ ಅಂದ್ರೆ ಈ ಮಗು ಏಳೋದೇ ಕಾಣ್ತಿರ್ಲಿಲ್ಲ, ಓಡ್ತಿರೋದೇ ಕಾಣ್ತಿತ್ತು. ಜಿಲ್ಲಾ ಟೀಮಿಗೆ ಆಯ್ಕೆ ದೇವನಹಳ್ಳೀಲಿ ಇತ್ತು. ಅದಕ್ಕೆ ಮುಂಚೆ ಬಲಗಾಲು ಮಂಡಿ ಮೇಲ್ಗಡೆ ನೋವು ಅಂದ್ಲು.

ಬೀದಿ ಕೊನೆ ಕ್ಲಿನಿಕ್ಕಲ್ಲಿ ತೋರಿಸಿದ್ವಿ. ಆಟದಲ್ಲಿ ಸ್ನಾಯು ಎಳ್ದಿದೆ ಅಂದು ಮಾತ್ರೆ ಕೊಟ್ಟು ಬ್ಯಾಂಡೇಜ್ ಸುತ್ತಿದ್ರು. ಮಾತ್ರೆ ಇದ್ದಷ್ಟು ದಿನ ಸುಮ್ನಿತ್ತು, ಆಮೇಲೆ ಮತ್ತೆ ಬಂತು. ಮಮತ, "ಅತ್ತೆ, ಒಂದು ಎಕ್ಸ್‌ರೇ ತೆಗೆಸೋಣ" ಅಂದ್ಲು. ನಾನು, "ಬೆಳೆಯೋ ವಯಸ್ಸು ಕಣಮ್ಮ, ಮೂಳೆ ಎಳೀತದೆ, ನಮ್ಮನೇಲೇ ದೇವರ ಕಾಲು ಇಟ್ಕೊಂಡು ಎಕ್ಸ್‌ರೇ ಯಾಕೆ" ಅಂದೆ. ಅವಳು ಎದುರು ಮಾತಾಡೋಳಲ್ಲ. ಮಾತಾಡಿದ್ರೆ ಚೆನ್ನಾಗಿರ್ತಿತ್ತು. ನಾನೇ ಭಾನುವಾರ ಬೆಳಗ್ಗೆ ಬಸ್ಸು ಹತ್ತಿಸ್ಕೊಂಡು ಸಮೇತನಹಳ್ಳಿಗೆ ಕರ್ಕೊಂಡು ಹೋದೆ.

ಪಿಳ್ಳಪ್ಪ ಬಾರವ್ವ ಬಾ ಅಂದ. ಮಲಗ್ಸಿ, ಮಂಡಿ ಮೇಲೆ ಸವರ್ದ. "ಹೆಂಗವ್ವ?" ಅಂದ.

"ಕಡಿಮೆ ಆಯ್ತು ತಾತ."

"ನೋಡ್ದಾ ಅಕ್ಕಯ್ಯ, ಇನ್ನೂ ತಿಂಡಿ ತಿಂದಿಲ್ಲ, ಆಗ್ಲೇ ಕಡಿಮೆ."

ಅಮ್ಮಯಮ್ಮ ಅಕ್ಕಿರೊಟ್ಟಿ ಹಾಕಿಕೊಟ್ಲು, ತಿಂದು ಬಂದ್ವಿ. ಮುಂದಿನ ಭಾನುವಾರ ಮತ್ತೆ ಹೋದ್ವಿ. ಅದರ ಮುಂದಿನ ಭಾನುವಾರಾನೂ. ಒಂದ್ಸಲ ಇವಳು ಮೆಲ್ಲಗೆ, "ತಾತ, ರಾತ್ರಿ ಹೊತ್ತು ಜಾಸ್ತಿ ಆಗುತ್ತೆ, ಮಲಗಿದ್ರೂ ನೋಯುತ್ತೆ" ಅಂದ್ಲು. "ಉಳುಕು ಬಿಡೋವಾಗ ಹಂಗೇ ಕಣವ್ವ, ನೋವು ಎದ್ದು ಹೋಗ್ತದೆ" ಅಂದ ಪಿಳ್ಳಪ್ಪ. ನಮ್ಮ ಕಡೆ ಹಂಗೇ ಹೇಳೋದು, ಬಿಡೋ ನೋವು ಜೋರಾಗಿರ್ತದೆ ಅಂತ. ಸಾವಿರ ಸೊಂಟಕ್ಕೆ ಆ ಮಾತು ಸರಿ ಹೋಗಿತ್ತು. ಇವಳ ಮಂಡಿಗೂ ಅದನ್ನೇ ಹೇಳ್ದ. ಯುಗಾದಿಯಿಂದ ಶುರುವಾಗಿದ್ದು ಮಾವಿನ ಹಣ್ಣು ಮುಗಿಯೋವರೆಗೂ ಹಂಗೇ ನಡೀತು.

ಶಾಲೆ ಶುರುವಾದ ಮೇಲೆ ಇವಳು ಮೈದಾನದಲ್ಲಿ ಎದ್ದೋಳು ಹಂಗೇ ಕುಸಿದು ಬಿದ್ಲು. ಮಂಡಿ ಮೇಲೆ ಊದ್ಕೊಂಡು ಮಿರಮಿರ ಅಂತಿತ್ತು. ಅವತ್ತು ಮಮತ ನನ್ನನ್ನ ಕೇಳ್ಲಿಲ್ಲ, ಎಕ್ಸ್‌ರೇಗೆ ಎತ್ಕೊಂಡು ಹೋದ್ಲು. ಅಲ್ಲಿಂದ ಬೆಂಗಳೂರು ದೊಡ್ಡಾಸ್ಪತ್ರೆ, ಸ್ಕ್ಯಾನು, ಸೂಜಿ ಹಾಕಿ ಮೂಳೆ ಚೂರು ತೆಗೆದು ಪರೀಕ್ಷೆ. ಪಿಳ್ಳಪ್ಪಾನೂ ಬಂದಿದ್ದ, ಬರಿಗಾಲಲ್ಲಿ, ಆ ಹೊಳೆಯೋ ನೆಲದ ಮೇಲೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನೋರು. ಕೂರ್ಸಿ ಹೇಳಿದ್ರು, ಮೂಳೇಲಿ ಹುಟ್ಟೋ ಕ್ಯಾನ್ಸರು, ಸಾರ್ಕೋಮ ಅಂತ. ಅಪರೂಪ, ಬಂದ್ರೆ ಹೆಚ್ಚಾಗಿ ಹಿಂಗೇ ಬೆಳೆಯೋ ಹುಡುಗ ಹುಡುಗೀರಿಗೆ ಬರ್ತದೆ, ಉದ್ದ ಆಗ್ತಿರೋ ಮೂಳೇಲಿ, ಮಂಡಿ ಹತ್ರ. ಆಡೋ ಮಕ್ಕಳು, ನೋವು ಅಂದ್ರೆ ಎಲ್ಲಾರೂ ಆಟದ್ದೇ ಅಂದ್ಕೋತಾರೆ, ಡಾಕ್ಟರೂ ಕೂಡ, ಅಂದ್ರು.

ಅಶೋಕ ಕೇಳ್ದ, "ಮೇಡಮ್, ಕಾಲಲ್ಲಿ ತುಳಿಸಿದ್ವಿ. ಅದರಿಂದ ಬಂತಾ?"

"ಅದರಿಂದ ಬರಲ್ಲ. ಆದ್ರೆ ಗಡ್ಡೆ ಇರೋ ಜಾಗನ ಉಜ್ಜೋದು ಒತ್ತೋದು ಮಾಡ್ಬಾರ್ದು. ಮುಂಚೇನೇ ಬರ್ಬೇಕಿತ್ತು."

"ಮುಂಚೆ ಬಂದಿದ್ರೆ ಕಾಲು ಹಂಗೇ ಉಳೀತಿತ್ತಾ?"

ಆಯಮ್ಮ ಪಿಳ್ಳಪ್ಪನ ಮುಖ ನೋಡಿದ್ರು, ಮತ್ತೆ ಅಶೋಕನ ಮುಖ ನೋಡಿದ್ರು. "ಹೇಳಕ್ಕಾಗಲ್ಲ" ಅಂದ್ರು.

ಉಳೀತಿತ್ತು ಅಂದಿದ್ರೆ ಒಂದು ಲೆಕ್ಕ. ಉಳೀತಿರ್ಲಿಲ್ಲ ಅಂದಿದ್ರೆ ಇನ್ನೊಂದು. ಆ ಹೇಳಕ್ಕಾಗಲ್ಲ ಅನ್ನೋ ಮಾತು ಐತಲ್ಲ, ಅದನ್ನ ನನ್ನ ತಮ್ಮ ಇವತ್ತಿಗೂ ಅಗೀತಾ ಅವ್ನೆ.

ಹೊರಗೆ ಬಂದ ಮೇಲೆ ಅಶೋಕ, ಯಾವತ್ತೂ ಗಟ್ಟಿಯಾಗಿ ಮಾತಾಡದೋನು, "ಮಾವ, ಇನ್ಮೇಲೆ ನಿಮ್ಮ ಕಾಲು ನನ್ನ ಮಗಳ ಹತ್ರ ಸುಳೀಬಾರ್ದು" ಅಂದ್ಬಿಟ್ಟ. ನನ್ನನ್ನ ಏನೂ ಅನ್ಲಿಲ್ಲ. ಕರ್ಕೊಂಡು ಹೋಗಿದ್ದು ನಾನು, ಬೈಸ್ಕೊಂಡಿದ್ದು ಅವನು. ಪಿಳ್ಳಪ್ಪ ಹ್ಞೂಂ ಅಂದು ಮೆಟ್ಟಿಲಿಳಿದು ಹೋದೋನು ಆಸ್ಪತ್ರೆ ಕಡೆಗೆ ಬರ್ಲೇ ಇಲ್ಲ.

ಕಾಳಿನಲ್ಲಿ ಹುಳ ನೋಡು ಇದು, ಎಸೀ ಆಚೆಗೆ.

ಕೀಮೋ ಶುರುವಾಯ್ತು. ಕೂದಲು ಉದುರೋಕೆ ಮುಂಚೆ ಇವಳೇ ಹೋಗಿ ಕತ್ತರಿಸ್ಕೊಂಡು ಬಂದ್ಲು, ಉದುರೋದು ನೋಡ್ತಾ ಕೂರಲ್ಲ ಅಜ್ಜಿ ಅಂತ. ಬಾಯೆಲ್ಲ ಹುಣ್ಣು, ಮಜ್ಜಿಗೆ ಅನ್ನಾನೂ ಉರಿ. ಮಕ್ಕಳ ವಾರ್ಡಲ್ಲಿ ಹಾಕಿದ್ರೆ ಮಂಚದಾಚೆ ಕಾಲು ಬರ್ತಿತ್ತು, ಗೋಡೆ ತುಂಬ ಮೊಲದ ಚಿತ್ರ. ದೊಡ್ಡೋರ ವಾರ್ಡಲ್ಲಿ ಹಾಕಿದ್ರೆ ಸುತ್ತ ನನ್ನಂಥ ಮುದುಕೀರು, "ಅಯ್ಯೋ ಇಷ್ಟು ಚಿಕ್ಕ ವಯಸ್ಸಿಗೆ" ಅಂತ ಎದುರಿಗೇ ಕೂತು ಕಣ್ಣೊರೆಸೋರು. ಎಲ್ಲೂ ಇವಳ ವಾರಿಗೆಯೋರಿಲ್ಲ. ಟೀಮಿನ ಹುಡುಗೀರು ಒಂದ್ಸಲ ಬಂದ್ರು, ಫೋಟೋ ತೆಗೆದ್ರೆ ಸರೀನಾ ತಪ್ಪಾ ಗೊತ್ತಾಗ್ದೆ ಫೋನು ಕೈಲೇ ಹಿಡ್ಕೊಂಡು ಕೂತು ಹೋದ್ರು. ಅವರಿಗೆ ಪರೀಕ್ಷೆ, ಇವಳಿಗೆ ಇದು. ಆ ವರ್ಷದ ಎಸ್ಸೆಸ್ಸೆಲ್ಸಿ ಹೋಯ್ತು. ಮಮತಂಗೆ ಇನ್ನೊಂದು ಚಿಂತೆ, ಮಗಳ ತಿಂಗಳ ಮುಟ್ಟು ನಿಂತೋಗಿತ್ತು. ಡಾಕ್ಟರಮ್ಮನ್ನ ಕೇಳೋಕೆ ನಾಚ್ಕೊಂಡು ನನ್ನ ಕೈಲಿ ಕೇಳಿಸಿದ್ಲು. ಕೆಲವರಿಗೆ ವಾಪಸ್ಸು ಬರ್ತದೆ ಅಂದ್ರು. ಎಲ್ಲಾದಕ್ಕೂ ಅರ್ಧರ್ಧ ಉತ್ತರ.

ಈ ಕಡೆ ಸಮೇತನಹಳ್ಳಿಯಿಂದ ನಾಟಿ ಮೊಟ್ಟೆ, ನುಗ್ಗೆಸೊಪ್ಪು, ಹಾಲು, ತರಕಾರಿ ಗಾಡಿಯೋರ ಕೈಲಿ ಬರ್ತಾನೇ ಇತ್ತು. ಗೇಟಲ್ಲಿ ಇಟ್ಟು ಹೋಗೋರು. ಯಾರು ಕಳಿಸಿದ್ದು ಅಂತ ಅಶೋಕ ಕೇಳ್ತಿರ್ಲಿಲ್ಲ, ತಿಂತಿದ್ದ.

ಆಮೇಲೆ ಆಪರೇಷನ್ನಿನ ಮಾತು ಬಂತು. ಮಂಡಿ, ಅದರ ಮೇಲಿನ ಮೂಳೆ ತೆಗೀಲೇಬೇಕು. ಕಬ್ಬಿಣದ ಕೀಲು ಹಾಕೋ ಹಂಗಿಲ್ಲ, ಗಡ್ಡೆ ಸುತ್ತಲ ಮಾಂಸಕ್ಕೂ ಹರಡಿತ್ತು. ಎರಡು ದಾರಿ ಅಂದ್ರು ಡಾಕ್ಟರಮ್ಮ. ಒಂದು, ತೊಡೆ ಹತ್ರ ಕಾಲು ಪೂರ್ತಿ ತೆಗೆಯೋದು. ಇನ್ನೊಂದು, ಕೆಟ್ಟ ಭಾಗ ಮಾತ್ರ ತೆಗೆದು, ಕೆಳಗಿನ ಕಾಲನ್ನ ಮೇಲಕ್ಕೆತ್ತಿ ತೊಡೆ ಮೂಳೆಗೆ ಜೋಡಿಸೋದು. ಆದ್ರೆ ಹಿಂದುಮುಂದಾಗಿ ತಿರುಗ್ಸಿ. ಪಾದ ಮಂಡಿ ಇರೋ ಜಾಗಕ್ಕೆ ಬರ್ತದೆ, ಬೆರಳು ಹಿಂದಕ್ಕೆ, ಹಿಮ್ಮಡಿ ಮುಂದಕ್ಕೆ. ಆವಾಗ ಕಾಲಿನ ಹರಡು, ಅದೇ ಪಾದದ ಮೇಲಿನ ಕೀಲು, ಮಂಡಿ ಥರ ಮಡಚ್ತದೆ. ಅದಕ್ಕೆ ಕೃತಕ ಕಾಲು ಹಾಕಿದ್ರೆ ಓಡಬಹುದು ಅಂದ್ರು.

ನನಗೆ ತಿಳೀಲಿಲ್ಲ. ಮಮತಂಗೆ ತಿಳೀತು, ಮುಖ ಬಿಳಿಚ್ಕೊಂತು. "ಹಿಂದಕ್ಕೆ ತಿರುಗಿರೋ ಕಾಲು ದೆವ್ವಕ್ಕಲ್ವಾ ಅತ್ತೆ" ಅಂದ್ಲು ನನ್ನ ಕಿವೀಲಿ.

ಚಂದನಂಗೆ ಕೇಳಿಸ್ಬಿಡ್ತು. ಮಂಚದ ಮೇಲೆ, ಬೋಳು ತಲೆ, ಮೂಳೆ ಚಕ್ಕಳ. "ನಮ್ಮನೆ ಹತ್ರ ಹುಣಸೆ ಮರಾನೂ ಇಲ್ವಲ್ಲಮ್ಮ. ನಾನೆಲ್ಲಿ ಕೂರ್ಲಿ?" ಅಂದ್ಲು. ಡಾಕ್ಟರಮ್ಮ ಮುಖ ಆ ಕಡೆ ತಿರುಗಿಸ್ಕೊಂಡು ನಕ್ರು.

ಮುಂದಿನ ಸಲ ಪ್ರಮೋದಾ ಅಂತ ಒಂದು ಹುಡುಗೀನ ಕರೆಸಿದ್ರು. ನೆಲಮಂಗಲದ ಕಡೆಯೋಳು, ಡಿಗ್ರಿ ಓದ್ತಾಳೆ, ಅದೇ ಆಪರೇಷನ್ ಆಗಿರೋಳು. ನಡ್ಕೊಂಡು ಬಂದಾಗ ಯಾವ ಕಾಲು ಅಂತ ನನಗೆ ಗೊತ್ತಾಗ್ಲಿಲ್ಲ. ಪ್ಯಾಂಟು ಮಡಚಿ, ಕೃತಕ ಕಾಲು ಕಳಚಿ, ಹಿಂದಕ್ಕೆ ತಿರುಗಿರೋ ಪಾದ ತೋರಿಸಿದ್ಲು. ಉಗುರಿಗೆ ಬಣ್ಣ ಹಚ್ಚಿದ್ಲು. "ಶಿವಗಂಗೆ ಬೆಟ್ಟ ಹತ್ತಿದೀನಿ ಅಜ್ಜಿ, ಒಳಕಲ್ಲು ತೀರ್ಥದವರೆಗೂ. ನಮ್ಮಪ್ಪ ಅರ್ಧಕ್ಕೇ ಕೂತ್ಬಿಟ್ರು" ಅಂದ್ಲು. ಚಂದನ ಆ ಪಾದಾನ ಹಿಡಿದು, ಬೆರಳು ಅಲ್ಲಾಡ್ಸು ಅಕ್ಕ, ಮಡಚು ಅಕ್ಕ ಅಂತ ನೋಡಿದ್ದೇ ನೋಡಿದ್ದು. ಅವತ್ತೇ ಅವಳ ಮನಸ್ಸಲ್ಲಿ ತೀರ್ಮಾನ ಆಗೋಯ್ತು.

ಆದ್ರೆ ಸಹಿ ಹಾಕ್ಬೇಕಾದೋರು ಅಪ್ಪ ಅಮ್ಮ. ಅಶೋಕ, "ಪೂರ್ತಿ ತೆಗೆದ್ರೆ ಸೀರೆ ಒಳಗೆ ಯಾರಿಗೂ ಕಾಣಲ್ಲ. ಇದನ್ನ ನಾಳೆ ಕೊಟ್ಟ ಮನೆಯೋರು ನೋಡಿದ್ರೆ?" ಅಂದ. ಚಂದನ ಗೋಡೆ ಕಡೆ ತಿರುಗಿ ಮಲಗಿದ್ಲು. ಊಟ ಬಿಟ್ಲು. ಡಾಕ್ಟರಮ್ಮ, "ತುಂಬ ದಿನ ಯೋಚನೆ ಮಾಡೋ ಹಂಗಿಲ್ಲ, ಕೀಮೋ ಮಧ್ಯೆ ಸಮಯ ಹೋಗುತ್ತೆ" ಅಂದ್ರು. ಅವತ್ತು ಇವಳು ಬಾಯಿ ಬಿಟ್ಟು ಒಂದೇ ಮಾತು ಅಂದ್ಲು. "ಪಿಳ್ಳಪ್ಪ ತಾತನ್ನ ಕರ್ಕೊಂಡು ಬನ್ನಿ. ಅವರು ಬೇಡ ಅಂದ್ರೆ ಪೂರ್ತಿ ತೆಗೆಸ್ಕೋತೀನಿ."

ಅಶೋಕಂಗೆ ಅವರು ಸೋದರಮಾವ, ಎತ್ತಿ ಆಡಿಸಿದೋರು. ಅಶೋಕ, "ಅಮ್ಮ, ನೀನೇ ಹೋಗಿ ಕರ್ಕೊಂಡು ಬಾ, ನನಗೆ ಬಾಯಿಲ್ಲ" ಅಂದ.

ಹೋದೆ. ಪಿಳ್ಳಪ್ಪ ಕೊಟ್ಟಿಗೇಲಿದ್ದ. ನೋಡ್ತೀನಿ, ಎರಡು ಕಾಲಿಗೂ ಕಪ್ಪು ಬೂಟು, ಒಳಗೆ ಕಾಲುಚೀಲ. ಸಗಣಿ ಬಾಚ್ತಿರೋನು ಬೂಟು ಹಾಕ್ಕೊಂಡವ್ನೆ. ಅಮ್ಮಯಮ್ಮ ಒಳಗಿಂದ, "ಮಲಗೋವಾಗ ಮಾತ್ರ ಬಿಚ್ತಾರೆ ಅತ್ಗೆ, ಆವಾಗ್ಲೂ ಹೊದ್ಕೊಂಡೇ ಬಿಚ್ತಾರೆ" ಅಂದ್ಲು. ಜಗುಲಿ ಮೇಲೆ ಗೋಣಿಚೀಲ ಇಲ್ಲ. ಬಂದೋರಿಗೆಲ್ಲ, ಕಾಲು ಹೋಯ್ತು, ಡಾಕ್ಟರ ಹತ್ರ ನಡೀರಿ ಅಂದು ಕಳಿಸ್ತಾನಂತೆ.

"ಏನೋ ಇದು ವೇಷ, ಪೊಲೀಸು ಕೆಲಸಕ್ಕೆ ಸೇರ್ಕೊಂಡ್ಯಾ?" ಅಂದೆ.

"ಚಳಿ ಅಕ್ಕಯ್ಯ."

"ಈ ಬಿಸಿಲಿಗೆ?"

ಅವನು ಹಸುವಿನ ಬೆನ್ನು ಉಜ್ಜೋಕೆ ಶುರು ಮಾಡ್ದ. ಚಂದನ ಕರೀತಾ ಅವ್ಳೆ ಅಂದೆ. ಉಜ್ತಾನೇ ಇದ್ದ. ನೀನು ಬರ್ದಿದ್ರೆ ಕಾಲು ಪೂರ್ತಿ ತೆಗೀತಾರೆ ಅಂದೆ. ಕೈ ನಿಂತೋಯ್ತು. ಬಸ್ಸಲ್ಲಿ ಹೋಗೋವಾಗ ಎಲ್ಲಾ ಬಿಡಿಸಿ ಹೇಳ್ದೆ.

ವಾರ್ಡ್ ಬಾಗಿಲಲ್ಲೇ ನಿಂತ್ಕೊಂಡ. ಅಶೋಕ, "ಬನ್ನಿ ಮಾವ" ಅಂದ. ಆಗ ಒಳಗೆ ಬಂದ.

ಚಂದನ ಎದ್ದು ಕೂತ್ಕೊಂಡು, "ತಾತ, ಅಜ್ಜಿ ಹೇಳ್ತಾರೆ, ನೀವು ಹುಟ್ಟಿದಾಗ ಕೆಟ್ಟ ಕಾಲು ಅಂದು ಹಿತ್ತಲಲ್ಲಿ ಮಲಗ್ಸಿದ್ರಂತೆ" ಅಂದ್ಲು.

"ಹ್ಞೂಂ ಕಣವ್ವ."

"ಆಮೇಲೆ ಅದೇ ಕಾಲು ದೇವರ ಕಾಲು ಆಯ್ತಂತೆ."

"ಪಟೇಲ್ರ ಮೇಲೆ ಉಚ್ಚೆ ಹುಯ್ದೆ, ಅದಕ್ಕೆ ಆಯ್ತು."

ಇವಳಿಗೆ ನಗು ಬಂತು. ಅವನಿಗೆ ಬರ್ಲಿಲ್ಲ. ಅಲ್ಲೇ ನಮ್ಮೆಲ್ಲರ ಮುಂದೆ, ಮಂಚದ ಕಂಬಿ ಹಿಡ್ಕೊಂಡು ಹೇಳ್ದ. "ಚಂದನವ್ವ, ನನ್ನ ಕಾಲಿಗೆ ಗೊತ್ತಾಗಿತ್ತು. ಎರಡನೇ ಸಲಾನೇ ಗೊತ್ತಾಗಿತ್ತು. ಉಳುಕಾದ್ರೆ ಮೆತ್ತಗಿರ್ತದೆ, ನಿಂದು ಕಲ್ಲಿದ್ದಂಗಿತ್ತು, ಬಿಸಿ ಬೇರೆ. ಇದು ನಂದಲ್ಲ, ಆಸ್ಪತ್ರೇದು ಅಂತ ಬಾಯಿಗೆ ಬಂದಿತ್ತು. ಮನೆ ಮಗೂಗೇ ನನ್ನ ಕಾಲು ಆಗ್ಲಿಲ್ಲ ಅಂದ್ರೆ ಊರೋರು ಏನಂತಾರೆ ಅಂದ್ಕೊಂಡೆ. ಹೇಳ್ಲಿಲ್ಲ."

ಮಮತ ಸೆರಗು ಬಾಯಿಗಿಟ್ಕೊಂಡ್ಲು. ಅಶೋಕನ ಕೈ ಮುಷ್ಟಿ ಆಯ್ತು, ನಾನು ನೋಡ್ದೆ.

ಚಂದನ ಹೊದಿಕೆ ಅಂಚು ಎಳೀತಾ, "ನಾನೂ ಸುಳ್ಳು ಹೇಳಿದ್ದೆ ತಾತ" ಅಂದ್ಲು. "ಒಂದಿನಾನೂ ಕಡಿಮೆ ಆಗಿರ್ಲಿಲ್ಲ. ನೋವು ಅಂದ್ರೆ ಟೀಮಿಂದ ತೆಗೀತಾರೆ ಅಂತ ಹೇಳ್ತಿರ್ಲಿಲ್ಲ. ನಿಮ್ಮ ಹತ್ರ ಬಂದ್ರೆ ಡಾಕ್ಟರ ಹತ್ರ ಹೋಗೋದು ತಪ್ಪುತ್ತೆ ಅಂತಾನೇ ಬರ್ತಿದ್ದೆ. ಇವರೆಲ್ಲ ನಿಮ್ಮನ್ನೇ ಬೈತಿದ್ರು, ನಾನು ಸುಮ್ನೆ ಮಲಗಿದ್ದೆ."

ಅಲ್ಲಿ ಯಾರು ಯಾರನ್ನ ಬೈಬೇಕಿತ್ತು ನೀನೇ ಹೇಳು. ನನ್ನನ್ನಂತೂ ಯಾರೂ ಬೈಲಿಲ್ಲ. ಎಕ್ಸ್‌ರೇ ಬೇಡ ಅಂದೋಳು ನಾನು, ಮೂಲೇಲಿ ಸ್ಟೂಲ್ ಮೇಲೆ ಚೀಲ ತಬ್ಕೊಂಡು ಕೂತಿದ್ದೆ.

ಪಿಳ್ಳಪ್ಪ ಅಶೋಕನ ಕಡೆ ತಿರುಗಿ, "ಅಪ್ಪಾ, ಮಗು ಕೇಳಿದ್ದನ್ನ ಮಾಡ್ಸು. ಊರೋರ ಬಾಯಿಗೆ ಹೆದರಿ ನಾನು ಒಂದ್ಸಲ ಕೆಟ್ಟೆ. ನೀನು ಅದನ್ನೇ ಮಾಡ್ಬೇಡ. ನಾಳೆ ಇವಳನ್ನ ದೆವ್ವ ಅಂದೋರು ಮೊದಲು ನನ್ನ ಹತ್ರ ಬರ್ಲಿ" ಅಂದ. ಅಶೋಕ ಸಹಿ ಹಾಕ್ದ. ಮಾವನ ಜೊತೆ ಮಾತು ಮಾತ್ರ ಆವಾಗ್ಲೇ ಸರಿ ಹೋಗ್ಲಿಲ್ಲ. ಹಬ್ಬಕ್ಕೆ ಬನ್ನಿ ಅಂತ ಫೋನು ಮಾಡೋಷ್ಟಕ್ಕೆ ಬರೋಕೆ ತುಂಬ ಕಾಲ ಹಿಡೀತು.

ಆಪರೇಷನ್ ಆಯ್ತು. ಮೊದಲ ಸಲ ಬ್ಯಾಂಡೇಜ್ ಬಿಚ್ಚಿದಾಗ ಮಮತ ನೋಡ್ಲಿಲ್ಲ. ನಾನು ನೋಡ್ದೆ. ಮಂಡಿ ಇರ್ಬೇಕಾದ ಕಡೆ ಇಷ್ಟು ಸಣ್ಣ ಹಿಮ್ಮಡಿ, ಎಳೆ ಕೂಸಿಂದಿದ್ದಂಗೆ. ಹುಟ್ಟಿದಾಗ ನಾನೇ ಎಣ್ಣೆ ಹಚ್ಚಿದ್ದ ಪಾದ, ಈಗ ಬೆನ್ನು ಮಾಡ್ಕೊಂಡು ನಿಂತಿತ್ತು. ಚಂದನಾನೂ ಧೈರ್ಯವಾಗಿರ್ಲಿಲ್ಲ ಬಿಡು. ಹುಣಸೆ ಮರದ ಜೋಕು ಹೊಡೆದೋಳು ಅವತ್ತು ಹೊದಿಕೆ ಮುಚ್ಚು ಅಜ್ಜಿ ಅಂದು ಅತ್ತಿದ್ದೇ ಅತ್ತಿದ್ದು. ಮತ್ತೆ ಕೀಮೋ. ಆಮೇಲೆ ಕಂಬಿ ಹಿಡ್ಕೊಂಡು ನಡೆಯೋದು ಕಲಿತ್ಲು. ಮುಂದಿನ ವರ್ಷ ತನಗಿಂತ ಚಿಕ್ಕ ಹುಡುಗೀರ ಜೊತೆ ಕೂತು ಎಸ್ಸೆಸ್ಸೆಲ್ಸಿ ಬರೆದ್ಲು. ಈಗ ಪಿಯುಸಿ. ಖೋಖೋ ಆಡೋಕಾಗಲ್ಲ, ಸೀಟಿ ಹಿಡ್ಕೊಂಡು ಆಡಿಸ್ತಾಳೆ. ಎದೆ ಸ್ಕ್ಯಾನಿಗೆ ಇನ್ನೂ ಹೋಗ್ಬೇಕು, ಆ ಕಾಯಿಲೆ ಶ್ವಾಸಕೋಶಕ್ಕೆ ಹೋಗೋದು ಜಾಸ್ತಿಯಂತೆ. ಸ್ಕ್ಯಾನಿನ ವಾರ ನಮ್ಮನೇಲಿ ಯಾರೂ ಜೋರಾಗಿ ಬಾಗಿಲೂ ಹಾಕಲ್ಲ.

ಸ್ಕ್ಯಾನಿನ ಹಿಂದಿನ ದಿನ ಪಿಳ್ಳಪ್ಪ ಉಪವಾಸ ಇರ್ತಾನೆ, ಯಾರಿಗೂ ಹೇಳಲ್ಲ. ಅಮ್ಮಯಮ್ಮ ನನಗೆ ಹೇಳ್ತಾಳೆ. ಬೂಟು ಮಾತ್ರ ಬಿಡ್ಲಿಲ್ಲ.

ಹೋದ ಬೇಸಿಗೇಲಿ ಹುಲ್ಲಿನ ಹೊರೆ ಎತ್ತೋಕೆ ಹೋಗಿ ಅವನಿಗೇ ಸೊಂಟ ಹಿಡ್ಕೊಂತು. ನಾವು ನೋಡೋಕೆ ಹೋದ್ವಿ, ನಾನು, ಚಂದನ. ಇವಳು ಕೃತಕ ಕಾಲು ಬಿಚ್ಚಿ ಜಗುಲಿ ಮೇಲೆ ಕೂತ್ಲು, ಸೆಕೆಗೆ. ಅವನು ಬಾಗಿಲಿಗೆ ಒರಗಿ, ಅತ್ತ ಏಳೋಕೂ ಆಗ್ದೆ ಇತ್ತ ಕೂರೋಕೂ ಆಗ್ದೆ ಮುಲುಕ್ತಿದ್ದ.

"ಊರಿಗೆಲ್ಲ ತುಳಿದೋನಿಗೆ ತುಳಿಯೋಕೆ ಜನ ಇಲ್ಲ ನೋಡು" ಅಂದೆ ನಾನು.

ಚಂದನ, "ಯಾಕಿಲ್ಲ, ನಾನಿಲ್ವಾ. ಮಲಗಿ ತಾತ" ಅಂದ್ಲು.

"ಸುಮ್ನಿರವ್ವ."

"ನಿಮ್ಮದು ಕಾಲು ಮುಂದಾಗಿ ಹುಟ್ಟಿದ್ದು. ನಂದು ಹಿಂದಾಗಿ ತಿರುಗಿದ್ದು. ಯಾವುದಕ್ಕೆ ಪವರ್ ಜಾಸ್ತಿ ನೋಡೇಬಿಡೋಣ. ಅಜ್ಜಿ, ಗೋಣಿಚೀಲ ಹಾಕು."

ಹಾಕ್ದೆ. ಅವನು ಬೇಡ ಬೇಡ ಅಂತಾನೇ ಬೋರಲಾದ. ಇವಳು ಪಕ್ಕದಲ್ಲಿ ಕೂತು, ತೊಡೆ ಎತ್ತಿ, ಆ ಹಿಮ್ಮಡೀನ ಅವನ ಸೊಂಟದ ಮೇಲಿಟ್ಟು ಮೇಲಿಂದ ಕೆಳಕ್ಕೆ ಸವರಿದ್ಲು. ಬೆರಳುಗಳು ಎಲ್ಲಿಗೋ ನೋಡ್ತಿದ್ವು. ಮೂರು ಸಲ ಆದ ಮೇಲೆ ಬಗ್ಗಿ ಅವನ ಬೆನ್ನು ಮುಟ್ಟಿ, ಕಣ್ಣಿಗೊತ್ಕೊಂಡು, "ತಪ್ಪಾಯ್ತು" ಅಂದ್ಲು, ಅವನು ಹೇಳ್ತಿದ್ದ ಹಂಗೇ.

ಪಿಳ್ಳಪ್ಪ ಗೋಣಿಚೀಲದಿಂದ ಮುಖ ಎತ್ಲಿಲ್ಲ. ಹಂಗೇ, "ನಾನು ನಿನಗೆ ಇದನ್ನ ಮಾಡಿರ್ಲಿಲ್ಲ ಕಣವ್ವ" ಅಂದ. "ಚಿಕ್ಕೋಳು ಅಂತ ಬಿಟ್ಬಿಟ್ಟಿದ್ದೆ. ಈಗ ಮಾಡೋಣ ಅಂದ್ರೆ ಆ ಮಂಡೀನೇ ಇಲ್ಲ. ಎಲ್ಲಿ ಮುಟ್ಲಿ?"

ಚಂದನ ಅವನ ಕೈ ಹಿಡಿದು ಎಳ್ಕೊಂಡು ತನ್ನ ಹರಡಿನ ಮೇಲಿಟ್ಲು. "ಈಗ ಇದೇ ನನ್ನ ಮಂಡಿ ತಾತ. ಇಲ್ಲೇ ಮುಟ್ಟಿ."

ಮುಟ್ಟಿದ. ಕಣ್ಣಿಗೊತ್ಕೊಂಡ. ಅವನ ಕೈ ಎಷ್ಟೋ ಹೊತ್ತು ಕಣ್ಣಿಂದ ಬರ್ಲೇ ಇಲ್ಲ. ಅಮ್ಮಯಮ್ಮ ರೊಟ್ಟಿ ತಟ್ಟೋದು ನಿಲ್ಲಿಸಿದ್ದು ಕೇಳಿಸ್ತು.

ಸೊಂಟ ಬಿಡ್ತಾ ಅಂತ ಕೇಳ್ಬೇಡ, ಬಿಡ್ಲಿಲ್ಲ. ಮಾರನೇ ದಿನ ಹೊಸಕೋಟೆಗೆ ಎಕ್ಸ್‌ರೇಗೆ ಅಶೋಕಾನೇ ವ್ಯಾನಲ್ಲಿ ಕರ್ಕೊಂಡು ಹೋದ. ಅಲ್ಲಿ ಮಂಚ ಹತ್ತೋವಾಗ ಬೂಟು ಬಿಚ್ಚಿ ಅಂದ್ರಂತೆ. ಬಗ್ಗೋಕಾಗ್ದು ಅವನಿಗೆ. ಅಶೋಕ ಕೆಳಗೆ ಕೂತ್ಕೊಂಡು, ಮಾವನ ಬೂಟಿನ ದಾರ ಬಿಚ್ಚಿ, ಕಾಲುಚೀಲ ತೆಗೆದು, ಆ ಬಲಗಾಲು ಎತ್ತಿ ಮಂಚದ ಮೇಲಿಟ್ನಂತೆ. ಎಕ್ಸ್‌ರೇ ಮುಗಿದ ಮೇಲೆ ಮತ್ತೆ ಹಾಕಿಸ್ದ. ಬೂಟು ಬಿಟ್ಟು ಬನ್ನಿ ಮಾವ ಅಂತ ಅಶೋಕಾನೂ ಅನ್ಲಿಲ್ಲ, ಪಿಳ್ಳಪ್ಪಾನೂ ಬಿಡ್ಲಿಲ್ಲ.

ಅಷ್ಟೇ ಕಣೇ. ಫೋನು ಆರಿಸು. ಈ ಕಾಳು ಹಿದುಕೋಕೆ ನೀನೂ ಒಂದು ಕೈ ಹಾಕು.